ಕಯಾಕಿನಿಂದ ದೊಡ್ಡ ಹ್ಯಾಲಿಬಟ್ ಹಿಡಿಯುವ ಬಗೆ: ಬೆಂಗಳೂರಿನಲ್ಲೇ ಮಾಡಿಕೊಳ್ಳಬಹುದಾದ ಸಲಕರಣೆಗಳು

ಹ್ಯಾಲಿಬಟ್ ಗಾಳ ಕಚ್ಚಿದ ಮೇಲೆ ಮೊದಲ ಕೆಲವು ನಿಮಿಷ ತೀರ ಸಾಧುವಿನಂತೆ ನಡೆದುಕೊಳ್ಳುತ್ತದೆ. ಬಾವಿಯ ತಳಕ್ಕೆ ಬಿದ್ದ ಹಳೆಯ ಬಾಗಿಲೊಂದನ್ನು ಹಗ್ಗ ಕಟ್ಟಿ ಎಳೆದರೆ ಹೇಗೋ ಹಾಗೆ, ಭಾರವಾಗಿ, ಆದರೆ ಹೆಚ್ಚು ಸೆಣಸದೆ ಮೇಲಕ್ಕೆ ಬರುತ್ತದೆ. ನೀರಿನ ಮೇಲ್ಭಾಗದ ಬೆಳಕೂ ತಲೆಯ ಮೇಲಿನ ಕಯಾಕಿನ ನೆರಳೂ ಅದರ ಕಣ್ಣಿಗೆ ಬಿದ್ದ ಕ್ಷಣದಲ್ಲಿ ಮಾತ್ರ ಅದೇ ಮೀನು ಬಾಲವನ್ನು ಒಮ್ಮೆ ಬೀಸಿ, ನಾವು ಕಾಲು ಗಂಟೆ ಸುತ್ತಿದ ದಾರವನ್ನೆಲ್ಲ ಕೆಲವೇ ಸೆಕೆಂಡುಗಳಲ್ಲಿ ಕಿತ್ತುಕೊಂಡು ತಳಕ್ಕೆ ಇಳಿದುಬಿಡುತ್ತದೆ. ದೊಡ್ಡ ಬೋಟಿನಲ್ಲಿ ನಿಂತವರಿಗೆ ಇದೊಂದು ಮೋಜು. ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ, ಕಾಲು ಚಾಚಿ ಕುಳಿತಿರುವ ಕಯಾಕಿನವರಿಗೆ ಅಪಾಯವೆಲ್ಲ ಇರುವುದು ಇಲ್ಲಿಯೇ, ಅಂದರೆ ಮೀನು ಮತ್ತು ನಮ್ಮ ನಡುವಿನ ಕೊನೆಯ ಮೂರು ಮೀಟರಿನಲ್ಲಿ. ಈ ಲೇಖನವೂ ಮುಖ್ಯವಾಗಿ ಆ ಮೂರು ಮೀಟರಿನ ಬಗ್ಗೆ.

ಬೆಂಗಳೂರಿನವರಿಗೆ ಇದೇಕೆ ಎಂದು ಕೇಳುವವರಿದ್ದಾರೆ. ನಮ್ಮ ಊರಿನಿಂದ ಸಿಯಾಟಲ್‌ಗೋ ವ್ಯಾಂಕೂವರ್‌ಗೋ ಕೆಲಸಕ್ಕೆ ಹೋದವರು, ಅಲ್ಲಿರುವ ಮಕ್ಕಳನ್ನು ನೋಡಲು ಹೋಗಿ ಎರಡು ತಿಂಗಳು ಉಳಿಯುವವರು, ಬೇಸಿಗೆಯ ರಜೆಗೆ ಅಲಾಸ್ಕಾ ಸುತ್ತುವವರು ಈಗ ಕಡಿಮೆಯೇನಿಲ್ಲ. ಅವರಲ್ಲಿ ಕಯಾಕ್ ಗೀಳಿನವರೂ ಗಾಳದ ಗೀಳಿನವರೂ ಇದ್ದಾರೆ. ಅಲ್ಲಿ ಕಯಾಕ್ ಬಾಡಿಗೆಗೆ ಸಿಗುತ್ತದೆ, ಗಾಳದ ಕೋಲೂ ಸಿಗುತ್ತದೆ. ಆದರೆ ದೊಡ್ಡ ಮೀನನ್ನು ಕಯಾಕಿನ ಬದಿಯಲ್ಲಿ ಹದ್ದುಬಸ್ತಿಗೆ ತರುವ ಸಲಕರಣೆ ಬಾಡಿಗೆಗೆ ಸಿಗುವುದು ಕಷ್ಟ. ಅದನ್ನು ನಮ್ಮ ಕೈಯಳತೆಗೆ ತಕ್ಕಂತೆ ಇಲ್ಲಿಯೇ ಮಾಡಿಕೊಳ್ಳುವುದು ಅಗ್ಗವೂ ಹೌದು, ಅದರ ಬಲ ಮತ್ತು ದೌರ್ಬಲ್ಯಗಳು ನಮಗೆ ತಿಳಿದಿರುತ್ತವೆಂಬ ಕಾರಣಕ್ಕೆ ಹೆಚ್ಚು ನಂಬಿಕೆಗೆ ಅರ್ಹವೂ ಹೌದು.

ಮೀನಿನ ಪರಿಚಯ

ಹ್ಯಾಲಿಬಟ್ ಚಪ್ಪಟೆ ಮೀನು. ನಮ್ಮ ಕರಾವಳಿಯ ನಂಗು ಮೀನನ್ನು ಕಂಡವರು ಅದನ್ನೇ ಹಲವು ಪಟ್ಟು ಹಿಗ್ಗಿಸಿ ಕಲ್ಪಿಸಿಕೊಳ್ಳಬಹುದು. ಮರಿಯಾಗಿದ್ದಾಗ ಉಳಿದ ಮೀನುಗಳಂತೆಯೇ ತಲೆಯ ಎರಡೂ ಕಡೆ ಒಂದೊಂದು ಕಣ್ಣಿರುತ್ತದೆ. ಬೆಳೆಯುತ್ತ ಎಡಗಣ್ಣು ತಲೆಯನ್ನು ದಾಟಿ ಬಲಬದಿಗೆ ಬಂದು ಸೇರುತ್ತದೆ. ಆಮೇಲೆ ಆ ಬದಿ ಮೇಲಾಗಿ ಕಂದು ಬಣ್ಣ ತಳೆಯುತ್ತದೆ, ಕೆಳಬದಿ ಬೆಳ್ಳಗೆ ಉಳಿಯುತ್ತದೆ. ಪೆಸಿಫಿಕ್ ಸಾಗರದ ಜಾತಿಯಲ್ಲಿ 200 ಕೆ.ಜಿ. ಮೀರಿದ ಮೀನುಗಳು ಸಿಕ್ಕಿವೆ. ಗಾಳದಿಂದ ಹಿಡಿದ ಮೀನಿನ ವಿಶ್ವದಾಖಲೆ 459 ಪೌಂಡ್, ಅಂದರೆ ಸುಮಾರು 208 ಕೆ.ಜಿ.ಯದು, ಅದು 1996ರಲ್ಲಿ ಅಲಾಸ್ಕಾದ ಡಚ್ ಹಾರ್ಬರ್‌ನಲ್ಲಿ ಸಿಕ್ಕಿತು. ಇಷ್ಟು ದೊಡ್ಡವೆಲ್ಲ ಬಹುತೇಕ ಹೆಣ್ಣುಗಳು. ಹೆಣ್ಣು ಮೀನು ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಯಾವ ಮೀನನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎನ್ನುವಾಗ ಅದು ಬೇಕಾಗುತ್ತದೆ.

ಉದ್ದ ಮತ್ತು ತೂಕದ ಲೆಕ್ಕವನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು. 100 ಸೆಂ.ಮೀ. ಉದ್ದದ ಹ್ಯಾಲಿಬಟ್ ಸುಮಾರು 12-13 ಕೆ.ಜಿ. ತೂಗುತ್ತದೆ, 122 ಸೆಂ.ಮೀ. ಆದರೆ ಸುಮಾರು 24 ಕೆ.ಜಿ., 152 ಸೆಂ.ಮೀ. ಆದರೆ ಸುಮಾರು 49 ಕೆ.ಜಿ. ಉದ್ದ ಒಂದೂವರೆ ಪಟ್ಟಾದರೆ ತೂಕ ನಾಲ್ಕು ಪಟ್ಟಾಗುತ್ತದೆ ಎಂದಾಯಿತು. ನೀರಿನೊಳಗಿನ ಮೀನನ್ನು ಮೇಲಿಂದ ನೋಡಿ ಉದ್ದ ಅಂದಾಜಿಸುವಾಗ ಕಣ್ಣು ಮೋಸಹೋಗುತ್ತದೆ. ಅದಕ್ಕಾಗಿ ಕಯಾಕಿನ ಹುಟ್ಟಿನ ಮೇಲೆ ಒಂದು ತುದಿಯಿಂದ ಅಳೆದು ಈ ಮೂರು ಅಳತೆಗಳಲ್ಲಿ ಬಣ್ಣದ ಟೇಪ್ ಸುತ್ತಿಡಬೇಕು. ಮೀನಿನ ಪಕ್ಕಕ್ಕೆ ಹುಟ್ಟನ್ನು ಹಿಡಿದರೆ ಸಾಕು, ವಾದಕ್ಕೆ ಎಡೆಯಿರುವುದಿಲ್ಲ.

ಮನೆಯಲ್ಲಿ ಮಾಡಬಾರದ ಮೂರು ವಸ್ತುಗಳು

ಲೈಫ್ ಜಾಕೆಟ್, ಮೈಗೆ ನೀರು ತಾಗದಂತೆ ತಡೆಯುವ ಡ್ರೈಸೂಟ್ ಉಡುಪು, ಕಡಲಿನಿಂದ ನೆರವು ಕರೆಯಲು ಬಳಸುವ, ನೀರು ತಾಗಿದರೂ ಕೆಡದ ವಿಎಚ್ಎಫ್ ರೇಡಿಯೋ: ಈ ಮೂರನ್ನು ಕೊಳ್ಳಬೇಕು ಅಥವಾ ಬಾಡಿಗೆಗೆ ಪಡೆಯಬೇಕು. ಬೇಸಿಗೆಯ ನಡುವೆಯೂ ಅಲಾಸ್ಕಾದ ಕಡಲ ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್ ಮಾತ್ರ ಇರುತ್ತದೆ. ಅಂಥ ನೀರಿಗೆ ಬಿದ್ದವರ ಬಗ್ಗೆ ಅಲ್ಲಿಯವರು 1-10-1 ಎಂಬ ಲೆಕ್ಕ ಹೇಳುತ್ತಾರೆ. ಮೊದಲ 1 ನಿಮಿಷ ಉಸಿರು ಹತೋಟಿಗೆ ಬಾರದೆ ಏದುಸಿರು ಬಿಡುತ್ತೇವೆ. ಆಮೇಲಿನ 10 ನಿಮಿಷ ಮಾತ್ರ ಕೈಬೆರಳುಗಳು ನಮ್ಮ ಮಾತು ಕೇಳುತ್ತವೆ. ಮೈಯ ಕಾವು ಇಳಿದು ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಬೇಕು. ಹಲಸೂರಿನ ಈಜುಕೊಳದಲ್ಲಿ ಮಗುಚಿದ ಕಯಾಕನ್ನು ಹತ್ತು ಬಾರಿ ನೆಟ್ಟಗೆ ಮಾಡಿ ಏರಿದ್ದೇನೆ ಎಂಬ ಧೈರ್ಯ ಆ 10 ನಿಮಿಷದಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಮೊದಲೇ ಯೋಚಿಸಬೇಕು. ರೇಡಿಯೋವನ್ನು ಕಯಾಕಿಗಲ್ಲ, ಲೈಫ್ ಜಾಕೆಟ್ಟಿಗೆ ಕಟ್ಟಿಕೊಳ್ಳಬೇಕು. ಅಪಾಯದ ಕರೆಗೆ ಚಾನೆಲ್ 16.

ಈಟಿ

ಹಾರ್ಪೂನ್ ಎಂದು ಕರೆಯುವ ಈಟಿಯೇ ಈ ಕೆಲಸದ ಜೀವಾಳ, ಆದ್ದರಿಂದ ಇದರ ಬಗ್ಗೆ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಸಾಮಾನ್ಯ ಕೊಕ್ಕೆಯಿಂದ ದೊಡ್ಡ ಹ್ಯಾಲಿಬಟ್ ಅನ್ನು ಚುಚ್ಚಿ ಹಿಡಿದರೆ ಕೊಕ್ಕೆಯ ಹಿಡಿ ನಮ್ಮ ಕೈಯಲ್ಲೇ ಉಳಿಯುತ್ತದೆ. ಮೀನು ಹೊರಳಿದಾಗ ಕೈಯೂ ಹೊರಳುತ್ತದೆ, ಅದರ ಹಿಂದೆ ಕಯಾಕೂ ಹೊರಳುತ್ತದೆ. ಕಳಚುವ ಮೊನೆಯ ಈಟಿಯಲ್ಲಿ ಹಾಗಾಗುವುದಿಲ್ಲ. ಮೊನೆ ಮೀನಿನ ದೇಹವನ್ನು ತೂರಿ ಆಚೆ ಬದಿಗೆ ಹೋದ ಮೇಲೆ ಕೋಲಿನಿಂದ ಕಳಚಿಕೊಳ್ಳುತ್ತದೆ. ಅಂಗಿಯ ಗುಂಡಿ ಕಾಜಾದೊಳಗೆ ಓರೆಯಾಗಿ ನುಗ್ಗಿ ಆಚೆ ಅಡ್ಡ ತಿರುಗಿ ನಿಲ್ಲುವಂತೆ ಅದೂ ಅಡ್ಡ ತಿರುಗುತ್ತದೆ. ಆಮೇಲೆ ಮೀನು ಕಟ್ಟಲ್ಪಟ್ಟಿರುವುದು ನಮಗಲ್ಲ, ನೀರಿನಲ್ಲಿ ತೇಲುತ್ತಿರುವ ಒಂದು ಬೆಂಡಿಗೆ.

ಮೊನೆಗೆ 14 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸರಳು ಬೇಕು. ಅಂಗಡಿಯಲ್ಲಿ 304 ಎಂಬ ದರ್ಜೆಯ ಸ್ಟೇನ್‌ಲೆಸ್ ಸುಲಭವಾಗಿ ಸಿಗುತ್ತದೆ, ಆದರೆ ಉಪ್ಪುನೀರಿಗೆ 316ರ ದರ್ಜೆ ಮೇಲು. ಪೀಣ್ಯದ ಯಾವುದೇ ಸಣ್ಣ ಲೇತ್ ಶೆಡ್ಡಿನಲ್ಲಿ ಅರ್ಧ ದಿನದ ಕೆಲಸವಿದು. ಉದ್ದ 85 ಮಿ.ಮೀ. ಇರಲಿ, ಮುಂದಿನ 30 ಮಿ.ಮೀ. ಚೂಪಾಗಿ ಇಳಿಯಲಿ, ಹಿಂದಿನಿಂದ 9 ಮಿ.ಮೀ. ಅಗಲದ, 35 ಮಿ.ಮೀ. ಆಳದ ಕುಳಿ ಕೊರೆಯಬೇಕು. ಕುಳಿಯಿರುವ ಹಿಂಬದಿಯನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಿದರೆ, ಹಗ್ಗ ಬಿಗಿಯಾದಾಗ ಆ ಓರೆ ತುದಿ ಮಾಂಸಕ್ಕೆ ತಗುಲಿ ಮೊನೆಯನ್ನು ಅಡ್ಡ ತಿರುಗಿಸುತ್ತದೆ. ಕುಳಿಯ ಕೊನೆಗೆ ತಾಗದಂತೆ, ಮಧ್ಯಕ್ಕಿಂತ ತುಸು ಮುಂದೆ, ಅಡ್ಡಲಾಗಿ 4 ಮಿ.ಮೀ. ತೂತು ಹಾಕಿಸಬೇಕು. ತಂತಿಹಗ್ಗ ಹಾಯುವುದು ಇದರಲ್ಲೇ, ಆದ್ದರಿಂದ ಅದರ ಎರಡೂ ಬಾಯಿಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿಸದಿದ್ದರೆ ತಂತಿ ಅಲ್ಲಿಯೇ ಸವೆದು ತುಂಡಾಗುತ್ತದೆ. ನನ್ನ ಕೆಲಸ ಮಾಡಿಕೊಟ್ಟವರು ಇದು ಯಾವ ಗಾಡಿಯ ಪಾರ್ಟ್ ಎಂದು ಮೂರು ಸಲ ಕೇಳಿದರು. ಮೀನಿಗೆ ಎಂದಾಗ ನಂಬಲಿಲ್ಲ, ಆದರೆ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಲಿಲ್ಲ.

ಕೋಲಿನ ಮುಂದಿನ ತುದಿಗೆ 8 ಮಿ.ಮೀ. ದಪ್ಪ, 30 ಸೆಂ.ಮೀ. ಉದ್ದದ ಸ್ಟೇನ್‌ಲೆಸ್ ಸರಳನ್ನು ಕೂರಿಸಬೇಕು. ಮೊನೆಯ ಕುಳಿ ಇದರ ಮೇಲೆ ಸಡಿಲವಾಗಿ ಕೂರುತ್ತದೆ. ಈ ಸರಳು ಮೀನಿನ ದಪ್ಪಕ್ಕಿಂತ ಉದ್ದವಾಗಿರಲೇಬೇಕು, ಇಲ್ಲವಾದರೆ ಮೊನೆ ಆಚೆ ಬದಿಗೆ ಹೊರಡದೆ ದೇಹದೊಳಗೇ ಉಳಿದು, ಎಳೆದಾಗ ಬಂದ ದಾರಿಯಲ್ಲೇ ಹಿಂದಕ್ಕೆ ಜಾರುತ್ತದೆ. ಕೋಲಿನೊಂದಿಗೆ ಸೇರಿ ಒಟ್ಟು ಉದ್ದ ಒಂದೂವರೆ ಮೀಟರ್ ಸಾಕು. ಅಭ್ಯಾಸಕ್ಕೆ ಬಂಬೂ ಬಜಾರಿನಿಂದ ತಂದ ಗಟ್ಟಿ ಬೊಂಬು ಚೆನ್ನಾಗಿಯೇ ನಡೆಯುತ್ತದೆ. ಆದರೆ ವಿದೇಶಕ್ಕೆ ಬೊಂಬನ್ನು ಕೊಂಡೊಯ್ಯುವ ಗೋಜಿಗೆ ಹೋಗದಿರುವುದು ಲೇಸು. ಸಸ್ಯಜನ್ಯ ವಸ್ತುಗಳ ತಪಾಸಣೆಯಲ್ಲಿ ಅದು ಸಿಕ್ಕಿಬೀಳಬಹುದು. ಸರಳಿಗೆ ಸ್ಕ್ರೂ ಹಾಕುವ ಒಂದು ತೋಳನ್ನು ಲೇತಿನಲ್ಲೇ ಮಾಡಿಸಿಕೊಂಡರೆ, ಅಲ್ಲಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪೊರಕೆಯ ದಪ್ಪ ಮರದ ಹಿಡಿಗೆ ಅದನ್ನು ಜೋಡಿಸಿಕೊಳ್ಳಬಹುದು. ಮೊನೆಯನ್ನೂ ಚಾಕುವನ್ನೂ ವಿಮಾನದಲ್ಲಿ ಕೈಚೀಲದಲ್ಲಿ ಇಡದೆ, ತುದಿಗೆ ರಬ್ಬರ್ ತೊಡಿಸಿ, ಚೆಕ್ ಇನ್ ಮಾಡುವ ಪೆಟ್ಟಿಗೆಯಲ್ಲಿ ಇಡಬೇಕೆಂಬುದನ್ನು ಹೇಳಬೇಕಾಗಿಲ್ಲ.

ಮೊನೆಯಿಂದ ಹೊರಡುವುದು 3 ಮಿ.ಮೀ. ದಪ್ಪದ, ಸುಮಾರು 60 ಸೆಂ.ಮೀ. ಉದ್ದದ ಸ್ಟೇನ್‌ಲೆಸ್ ತಂತಿಹಗ್ಗ. ಅದರ ಎರಡೂ ತುದಿಗಳಲ್ಲಿ ಕುಣಿಕೆ ಮಾಡಿ ಲೋಹದ ಕೊಳವೆ ತೊಡಿಸಿ ಅದುಮಬೇಕು. ಇಡೀ ಈಟಿಯಲ್ಲಿ ಕೈಕೊಡುವುದಿದ್ದರೆ ಈ ಜಾಗವೇ ಮೊದಲು ಕೈಕೊಡುತ್ತದೆ. ನನ್ನ ಮೊದಲ ಈಟಿಗೆ ಅಲ್ಯೂಮಿನಿಯಂ ಕೊಳವೆಯನ್ನು ಹಾಕಿ ಮನೆಯ ಇಕ್ಕಳದಲ್ಲಿ ಅದುಮಿದ್ದೆ. ಪರೀಕ್ಷೆಗೆಂದು ಹಜಾರದ ಉಯ್ಯಾಲೆಯ ಕೊಕ್ಕೆಗೆ ಅದನ್ನು ಸಿಕ್ಕಿಸಿ, 25 ಕೆ.ಜಿ.ಯ ಎರಡು ಅಕ್ಕಿ ಮೂಟೆಗಳನ್ನು ತೂಗುಹಾಕಿ ಮಲಗಿದೆ. ರಾತ್ರಿ ಎರಡರ ಹೊತ್ತಿಗೆ ಮೂಟೆಗಳು ನೆಲಕ್ಕೆ ಬಿದ್ದ ಸದ್ದಿಗೆ ಕೆಳಮನೆಯವರೂ ಎದ್ದು ಬಂದರು. ಅಂದಿನಿಂದ ತಾಮ್ರದ ಕೊಳವೆ ಬಳಸಿ, ಕೇಬಲ್ ಲಗ್ ಅದುಮುವ ಹೈಡ್ರಾಲಿಕ್ ಉಪಕರಣ ಇರುವ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಒಂದೊಂದು ಕುಣಿಕೆಗೂ ಎರಡೆರಡು ಕೊಳವೆ ಹಾಕಿಸುತ್ತೇನೆ. ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಉಪ್ಪುನೀರಿನಲ್ಲಿ ಜೊತೆಗಿದ್ದರೆ ಅಲ್ಯೂಮಿನಿಯಂ ಬೇಗ ತಿನ್ನಿಸಿಕೊಂಡು ಹೋಗುತ್ತದೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಮೂಟೆಯ ಪರೀಕ್ಷೆಯನ್ನು ಮಾತ್ರ ಬಿಟ್ಟಿಲ್ಲ. ಕೆಳಗೆ ಹಾಸಿಗೆ ಹಾಸುತ್ತೇನೆ, ಅಷ್ಟೆ.

ತಂತಿಯ ಇನ್ನೊಂದು ತುದಿಗೆ ಕಲಾಸಿಪಾಳ್ಯದಲ್ಲಿ ಲಾರಿಯ ಸರಕು ಬಿಗಿಯಲು ಮಾರುವ 8 ಮಿ.ಮೀ. ಪಾಲಿಪ್ರೊಪಿಲೀನ್ ಹಗ್ಗವನ್ನು 4 ಮೀಟರ್ ಉದ್ದಕ್ಕೆ ಕಟ್ಟಬೇಕು. ನೈಲಾನ್ ಹಗ್ಗ ಇದಕ್ಕಿಂತ ಗಟ್ಟಿಯಾದರೂ ಮುಳುಗುತ್ತದೆ. ಪಾಲಿಪ್ರೊಪಿಲೀನ್ ತೇಲುವುದರಿಂದ ಎಲ್ಲಿದೆಯೆಂದು ಕಣ್ಣಿಗೆ ಕಾಣುತ್ತಿರುತ್ತದೆ, ಕಾಲಿಗೂ ಚುಕ್ಕಾಣಿಗೂ ಸುತ್ತಿಕೊಳ್ಳುವುದು ಕಡಿಮೆ. ಚುಚ್ಚುವ ಮುನ್ನ ಮೊನೆ ತಾನಾಗಿ ಕಳಚಿ ಬೀಳದಂತೆ, ತಂತಿಯನ್ನು ಕೋಲಿನ ಉದ್ದಕ್ಕೆ ಹಿಂದಕ್ಕೆಳೆದು ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಉಂಗುರದಲ್ಲಿ ಸಿಕ್ಕಿಸಿಡಬೇಕು.

ಕೊನೆಯಲ್ಲಿ ಬೆಂಡು. ಅಡುಗೆ ಎಣ್ಣೆಯ 5 ಲೀಟರಿನ ಗಟ್ಟಿ ಕ್ಯಾನುಗಳು ಎರಡಿದ್ದರೆ ಸುಮಾರು 10 ಕೆ.ಜಿ.ಯಷ್ಟು ಮೇಲೆತ್ತುವ ಬಲ ಸಿಗುತ್ತದೆ. ಮುಚ್ಚಳವನ್ನು ಎಂಸೀಲ್‌ನಿಂದ ಭದ್ರಪಡಿಸಿ ಕಿತ್ತಳೆ ಬಣ್ಣ ಬಳಿದರಾಯಿತು. ಆದರೆ ಇದರಲ್ಲೊಂದು ಕುಂದಿದೆ. 10 ಮೀಟರ್ ಆಳಕ್ಕೆ ಹೋದರೆ ಟೊಳ್ಳು ಕ್ಯಾನಿನೊಳಗಿನ ಗಾಳಿ ಅರ್ಧಕ್ಕೂ, 30 ಮೀಟರಿಗೆ ಹೋದರೆ ಕಾಲು ಭಾಗಕ್ಕೂ ಕುಗ್ಗುತ್ತದೆ. ಮೀನು ಕ್ಯಾನನ್ನು ಆಳಕ್ಕೆ ಎಳೆದಷ್ಟೂ ಅದರ ಬಲ ಕುಂದುತ್ತದೆ. ಆದ್ದರಿಂದ ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ ಬಲೆಗೆ ಕಟ್ಟಲು ಮಾರುವ ಗಟ್ಟಿ ಬೆಂಡುಗಳನ್ನು ತಂದು ಹಾರದಂತೆ ಪೋಣಿಸಿ ಬಳಸುವುದು ಇನ್ನೂ ಉತ್ತಮ. ಸದ್ಯಕ್ಕೆ ನನ್ನಲ್ಲಿರುವುದು ಎರಡರ ಬೆರಕೆ.

ಉಳಿದವುಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. 10 ಮಿ.ಮೀ. ಹಗ್ಗದಿಂದ 2 ಮೀಟರಿನ ಜೀರುಗುಣಿಕೆ ಬಾಲಕ್ಕೆ ಬೇಕು. ದವಡೆಗೆ ಸಿಕ್ಕಿಸಲು ಕೈಯಗಲದ ದೊಡ್ಡ ಕೊಕ್ಕೆಯೊಂದಕ್ಕೆ ಇನ್ನೊಂದು ಹಗ್ಗ ಕಟ್ಟಿರಬೇಕು. ಬಡಿಯಲು 40 ಸೆಂ.ಮೀ. ಉದ್ದದ ಗಟ್ಟಿಮರದ ದೊಣ್ಣೆ ಬೇಕು. ಮುರಿದ ಕ್ರಿಕೆಟ್ ಬ್ಯಾಟಿನ ಹಿಡಿ ಹಗುರವಾದ್ದರಿಂದ ಅದಕ್ಕೆ ಆಗಿಬರುವುದಿಲ್ಲ, ಪ್ರಯತ್ನಿಸಿ ನೋಡಿದ್ದೇನೆ. ಮೊಂಡು ತುದಿಯ ಚಾಕು ಎದೆಯ ಮೇಲೆ, ಒಂದೇ ಕೈಯಲ್ಲಿ ಹಿರಿಯುವಂತೆ ಇರಬೇಕು. ಮೀನನ್ನು ತಂಪಾಗಿಡುವ ಚೀಲವನ್ನು ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟಿಗೆ ರೆಕ್ಸಿನ್ ಹೊಲಿಯುವವರಿಂದ, ಒಳಗೆ ಫೋಮ್ ಹಾಳೆಯಿಟ್ಟು, ಒಂದೂವರೆ ಮೀಟರ್ ಉದ್ದಕ್ಕೆ ಹೊಲಿಸಿಕೊಳ್ಳಬಹುದು. ಬಿದ್ದರೆ ಮುಳುಗುವ ಪ್ರತಿಯೊಂದು ವಸ್ತುವಿಗೂ ಸಣ್ಣ ದಾರ ಕಟ್ಟಿ ಕಯಾಕಿಗೆ ಸಿಕ್ಕಿಸಬೇಕು. ಈಟಿಯ ಹಗ್ಗವೊಂದನ್ನು ಬಿಟ್ಟು.

ಬಾಳೆದಿಂಡಿನ ಮೇಲೆ ಅಭ್ಯಾಸ

ಕುಳಿತಲ್ಲಿಂದ, ತೂಗಾಡುವ ಕಯಾಕಿನಿಂದ, ನೀರಿನಲ್ಲಿರುವ ಗುರಿಗೆ ಈಟಿ ಹಾಕುವುದನ್ನು ಮೀನಿನ ಮೇಲೆಯೇ ಮೊದಲ ಬಾರಿಗೆ ಮಾಡಬಾರದು. ಇದಕ್ಕೆ ಬಾಳೆದಿಂಡಿಗಿಂತ ಒಳ್ಳೆಯ ಗುರಿಯಿಲ್ಲ. ಅದು ತೇಲುತ್ತದೆ, ಮೊನೆ ಅದರಲ್ಲಿ ನುಗ್ಗುವಾಗ ಮಾಂಸದಲ್ಲಿ ನುಗ್ಗಿದಂತೆಯೇ ಕೈಗೆ ಭಾಸವಾಗುತ್ತದೆ, ಮತ್ತು ಆಯುಧಪೂಜೆಯ ಮರುದಿನ ಬೆಂಗಳೂರಿನ ಯಾವ ಬೀದಿಯಲ್ಲಾದರೂ ಪುಕ್ಕಟೆ ಸಿಗುತ್ತದೆ. ದಿಂಡನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಪಕ್ಕಪಕ್ಕ ಕಟ್ಟಿದರೆ ಚಪ್ಪಟೆ ಮೀನಿನ ಆಕಾರವೂ ಬರುತ್ತದೆ.

ನಗರದ ಕೆರೆಗಳಲ್ಲಿ ಅನುಮತಿಯಿಲ್ಲದೆ ಕಯಾಕ್ ಇಳಿಸಲಾಗದು, ಈಟಿ ಹಿಡಿದು ಇಳಿದರಂತೂ ಜನ ಸೇರುತ್ತಾರೆ. ನಾನು ಪರಿಚಿತರೊಬ್ಬರ ಹೊಲದ ಕೃಷಿಹೊಂಡದಲ್ಲಿ ಅಭ್ಯಾಸ ಮಾಡಿದೆ. ಕೃಷಿಹೊಂಡದ ಪ್ಲಾಸ್ಟಿಕ್ ಹೊದಿಕೆ ಪಾಚಿಗಟ್ಟಿ ವಿಪರೀತ ಜಾರುತ್ತದೆ, ಈಜು ಬಲ್ಲವರೂ ಅದರಿಂದ ಮೇಲೆ ಹತ್ತಲಾರದೆ ಮುಳುಗುತ್ತಾರೆ. ದಡದಲ್ಲಿ ಗೂಟಕ್ಕೆ ಕಟ್ಟಿದ ಹಗ್ಗ ನೀರಿನೊಳಗೆ ಇಳಿಬಿಟ್ಟಿರಬೇಕು, ಲೈಫ್ ಜಾಕೆಟ್ ಮೈಮೇಲಿರಬೇಕು, ದಡದ ಮೇಲೆ ಇನ್ನೊಬ್ಬರಿರಬೇಕು. ಈಟಿಯ ಅಭ್ಯಾಸ ಹೊಂಡದ ನಡುವೆ ಮಾತ್ರ ನಡೆಯಬೇಕು, ಇಲ್ಲವಾದರೆ ಹೊದಿಕೆ ತೂತಾಗಿ ಸ್ನೇಹವೂ ಸೋರಿಹೋಗುತ್ತದೆ. ಚುಚ್ಚುವುದಕ್ಕಿಂತ ಹೆಚ್ಚಾಗಿ ಚುಚ್ಚಿದ ಕೂಡಲೇ ಕೋಲನ್ನು ಹಿಂದಕ್ಕೆಳೆದು, ಬೆಂಡನ್ನು ದೂರಕ್ಕೆಸೆದು, ಎರಡೂ ಕೈಗಳನ್ನು ಖಾಲಿ ಮಾಡಿಕೊಳ್ಳುವ ಅಭ್ಯಾಸವಾಗಬೇಕು. ಮೂರೂ ಒಂದೇ ಉಸಿರಿನಲ್ಲಿ ಆಗುವವರೆಗೆ ಮಾಡುತ್ತಲೇ ಇರಬೇಕು.

ಕಡಲಿನಲ್ಲಿ

ಜಾಗವನ್ನು ಆರಿಸುವಾಗ ಉಬ್ಬರ ಇಳಿತದ ಪಟ್ಟಿಯೇ ಮೊದಲ ಮಾತು. ನಮ್ಮ ಕಾರವಾರ, ಮಲ್ಪೆಗಳಲ್ಲಿ ಉಬ್ಬರ ಇಳಿತಗಳ ನಡುವಿನ ವ್ಯತ್ಯಾಸ ಎರಡು ಮೀಟರ್ ದಾಟುವುದು ಅಪರೂಪ. ಹ್ಯಾಲಿಬಟ್‌ಗೆ ಹೆಸರಾದ ಅಲಾಸ್ಕಾದ ಹೋಮರ್ ಊರಿನ ಕೊಲ್ಲಿಯಲ್ಲಿ ಅದು ಕೆಲವು ದಿನ ಎಂಟು ಮೀಟರ್ ಮುಟ್ಟುತ್ತದೆ. ಅಷ್ಟು ನೀರು ಆರು ಗಂಟೆಯಲ್ಲಿ ಒಳಗೆ ಬಂದು ಆರು ಗಂಟೆಯಲ್ಲಿ ಹೊರಗೆ ಹೋಗಬೇಕೆಂದರೆ ಅದರ ಸೆಳೆತದೆದುರು ಹುಟ್ಟು ಹಾಕಿ ಗೆಲ್ಲಲಾಗದು. ಉಬ್ಬರವೋ ಇಳಿತವೋ ಮುಗಿದು ನೀರು ನಿಂತಂತಿರುವ ಹೊತ್ತಿನ ಆಚೀಚಿನ ಒಂದು ಗಂಟೆಯಷ್ಟೇ ಕಯಾಕಿನವರದ್ದು. ಮೀನೂ ಆಗಲೇ ಚೆನ್ನಾಗಿ ಕಚ್ಚುತ್ತದೆ, ಸೀಸದ ಗುಂಡೂ ತಳದಲ್ಲಿ ನಿಲ್ಲುತ್ತದೆ. 15ರಿಂದ 40 ಮೀಟರ್ ಆಳದ, ಮರಳು ಮತ್ತು ಬೆಣಚುಕಲ್ಲಿನ ತಳ ಇದಕ್ಕೆ ಹಿತ. ಲಂಗರು ಹಾಕದೆ ತೇಲುತ್ತಲೇ ಮೀನು ಹಿಡಿಯುವುದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಸೆಳೆತ ಹೆಚ್ಚಾದಾಗ ಲಂಗರಿನ ಹಗ್ಗವೇ ಕಯಾಕನ್ನು ಮುಳುಗಿಸುತ್ತದೆ.

ಎರೆಯಾಗಿ ಹೆರಿಂಗ್ ಮೀನು ಅಥವಾ ಆಕ್ಟೋಪಸ್‌ನ ತುಂಡು. ಗಾಳ 16/0 ಅಳತೆಯ, ತುದಿ ಒಳಕ್ಕೆ ಬಾಗಿದ ವೃತ್ತಾಕಾರದ್ದು. ಇಂಥ ಗಾಳದಲ್ಲಿ ಮೀನು ಕಚ್ಚಿದಾಗ ಕೋಲನ್ನು ಜಗ್ಗಬಾರದು. ಭಾರ ತೂಗುವವರೆಗೆ ಕಾದು ನಿಧಾನವಾಗಿ ಸುತ್ತಿದರೆ ಗಾಳ ತಾನಾಗಿ ದವಡೆಯ ಮೂಲೆಗೆ ಬಂದು ನಾಟುತ್ತದೆ. ಅಲ್ಲಿಂದ ಮುಂದೆ ನೆನಪಿಡಬೇಕಾದದ್ದು ದಿಕ್ಕು. ದಾರ ಯಾವಾಗಲೂ ಕಯಾಕಿನ ಮೂತಿಯ ಕಡೆಯಿಂದ ಹೋಗುತ್ತಿರಬೇಕು. ಮೀನು ಮುಂದಕ್ಕೆ ಎಳೆದರೆ ಕಯಾಕ್ ಅದರ ಹಿಂದೆ ಸಾಗುತ್ತದೆ, ಮೀನು ದಣಿಯುತ್ತದೆ. ಪಕ್ಕಕ್ಕೆ ಎಳೆದರೆ ಕಯಾಕ್ ಮಗುಚುತ್ತದೆ. ರೀಲಿನ ಬಿಗಿ 5-6 ಕೆ.ಜಿ. ಮೀರದಿರಲಿ. ಮಣಿಕಟ್ಟಿಗೋ ಸೊಂಟಕ್ಕೋ ದಾರ ಸುತ್ತಿಕೊಳ್ಳುವುದೆಂದರೆ ಮೀನಿನ ಜೊತೆಗೆ ನಾವೂ ಹೋಗಲು ಒಪ್ಪಿಕೊಂಡಂತೆ.

ಮೀನು ಮೊದಲ ಬಾರಿ ಕಣ್ಣಿಗೆ ಕಂಡಾಗ ಈಟಿ ಎತ್ತಬಾರದು. ಆಗ ಹುಟ್ಟನ್ನು ಹಿಡಿದು ಅಳೆಯಬೇಕು, ಇಟ್ಟುಕೊಳ್ಳುವುದೋ ಬಿಡುವುದೋ ಎಂದು ನಿರ್ಧರಿಸಬೇಕು, ಅದು ತಳಕ್ಕೆ ಓಡಿದರೆ ಓಡಲು ಬಿಡಬೇಕು. ಎರಡು ಅಥವಾ ಮೂರು ಬಾರಿ ಓಡಿ ಬಂದ ಮೇಲೆ ಅದು ಕಯಾಕಿನ ಪಕ್ಕದಲ್ಲಿ ಕಂದು ಬದಿ ಮೇಲಾಗಿ ಮಲಗುತ್ತದೆ. ತಲೆಯನ್ನು ನೀರಿನಿಂದ ಮೇಲಕ್ಕೆತ್ತಬಾರದು. ತಲೆ ಗಾಳಿಗೆ ಬಂದರೆ ಸಾಕು, ದಣಿದ ಮೀನೂ ಹುಚ್ಚೆದ್ದು ಹೊಡೆದುಕೊಳ್ಳುತ್ತದೆ. ಈಟಿಯ ಹಗ್ಗದ ಸುರುಳಿ ತೊಡೆಯ ಮೇಲೋ ಕಾಲ ಬಳಿಯೋ ಇರದೆ ಮುಂದಿನ ಬುಟ್ಟಿಯಲ್ಲಿದೆ ಎಂದು ಮತ್ತೊಮ್ಮೆ ನೋಡಿಕೊಂಡು, ಕಿವಿರಿನ ಮುಚ್ಚಳದ ಹಿಂದೆ, ಬೆನ್ನೆಲುಬಿನ ಹತ್ತಿರದ ದಪ್ಪ ಭಾಗಕ್ಕೆ, ಮೇಲಿಂದ ನೆಟ್ಟಗೆ, ಎರಡೂ ಕೈಗಳಿಂದ ಒತ್ತಿ ತೂರಿಸಬೇಕು. ಈಟಿಯನ್ನು ಎಸೆಯುವುದಲ್ಲ, ಒತ್ತುವುದು. ಹೊಟ್ಟೆಯ ತೆಳುಭಾಗಕ್ಕೆ ಚುಚ್ಚಿದರೆ ಮೊನೆ ಹರಿದುಕೊಂಡು ಬರುತ್ತದೆ.

ಮುಂದಿನದು ಹೊಂಡದಲ್ಲಿ ಕಲಿತದ್ದೇ: ಕೋಲು ಹಿಂದಕ್ಕೆ, ಬೆಂಡು ದೂರಕ್ಕೆ, ಕೈ ಖಾಲಿ. ಗಾಳದ ರೀಲನ್ನೂ ಸಡಿಲಿಸಿ ಕೋಲನ್ನು ಅದರ ಗೂಡಿನಲ್ಲಿ ನಿಲ್ಲಿಸಿಬಿಡಬೇಕು. ಬೆಂಡು ಮುಳುಗಬಹುದು, ದೂರ ಸರಿಯಬಹುದು, ಮತ್ತೆ ಏಳಬಹುದು. ನಾವು ಹತ್ತು ನಿಮಿಷ ಅದನ್ನು ನೋಡುತ್ತ ಕುಳಿತರೆ ಸಾಕು. ಈ ಹತ್ತು ನಿಮಿಷದ ಸುಮ್ಮನಿರುವಿಕೆಯೇ ಹೊಸಬರಿಗೆ ಅತ್ಯಂತ ಕಷ್ಟದ ಭಾಗ. ಹಗ್ಗ ಹಿಡಿದು ಎಳೆಯಬೇಕೆಂಬ ಚಪಲವನ್ನು ತಡೆದುಕೊಳ್ಳಬೇಕು.

ಬೆಂಡು ನಿಶ್ಚಲವಾದ ಮೇಲೆ ಹಗ್ಗವನ್ನು ನಿಧಾನವಾಗಿ ಸೆಳೆದು, ದವಡೆಗೆ ದೊಡ್ಡ ಕೊಕ್ಕೆ ಸಿಕ್ಕಿಸಿ, ಕಣ್ಣುಗಳ ಹಿಂದೆ ದೊಣ್ಣೆಯಿಂದ ಬಲವಾಗಿ ಎರಡು ಏಟು ಹಾಕಬೇಕು. ಕಿವಿರಿನೊಳಗೆ ಚಾಕು ತೂರಿಸಿ ಕಮಾನುಗಳನ್ನು ಕತ್ತರಿಸಿ, ಹದಿನೈದು ನಿಮಿಷ ನೀರಿನಲ್ಲೇ ರಕ್ತ ಬಸಿಯಲು ಬಿಡಬೇಕು. ಹೆಚ್ಚು ಹೊತ್ತು ಸೆಣಸಿದ ಮೀನಿನ ಮಾಂಸ ಸುಣ್ಣದಂತೆ ಪೇಲವವಾಗುವುದುಂಟು, ಬೇಗ ರಕ್ತ ಬಸಿದು ತಂಪು ಮಾಡಿದರೆ ಅದು ಕಡಿಮೆಯಾಗುತ್ತದೆ. ಆಮೇಲೆ ಬಾಲಕ್ಕೆ ಜೀರುಗುಣಿಕೆ ಹಾಕಿ, ಅದೇ ಹಗ್ಗವನ್ನು ದವಡೆಯ ಕೊಕ್ಕೆಗೆ ಎಳೆದು ಕಟ್ಟಿ ಮೀನನ್ನು ಬಿಲ್ಲಿನಂತೆ ಬಾಗಿಸಬೇಕು. ಹೀಗೆ ಬಾಗಿದ ಮೀನಿಗೆ ಬಾಲ ಬೀಸುವ ಎಡೆಯಿರುವುದಿಲ್ಲ. ಸತ್ತಿತೆಂದುಕೊಂಡ ಹ್ಯಾಲಿಬಟ್ ಎಷ್ಟೋ ಹೊತ್ತಿನ ಮೇಲೆ ಮೈ ಸೆಟೆದು ಹೊಡೆಯುತ್ತದೆ. ದೊಡ್ಡ ಮೀನಿನ ಅಂಥ ಏಟಿಗೆ ಕಾಲಿನ ಮೂಳೆ ಮುರಿದುಕೊಂಡವರಿದ್ದಾರೆ. ಆದ್ದರಿಂದ 20 ಕೆ.ಜಿ. ಮೀರಿದ ಮೀನನ್ನು ಕಯಾಕಿನೊಳಗೆ ಎಳೆದುಕೊಳ್ಳಬಾರದು, ಕಾಲುಗಳ ನಡುವೆಯಂತೂ ಎಷ್ಟು ಚಿಕ್ಕದನ್ನೂ ಇಡಬಾರದು. ಕಯಾಕಿನ ಹಿಂಬದಿಗೆ, ದನ ಕಟ್ಟುವಾಗ ಹಾಕುವಂಥ, ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟಿನಿಂದ ಕಟ್ಟಿ ದಡಕ್ಕೆ ಎಳೆದೊಯ್ಯಬೇಕು. ರಕ್ತದ ವಾಸನೆಗೆ ಕಡಲ ಸಿಂಹವೊಂದು ಬಂದು ಮೀನನ್ನು ಹಿಡಿದರೆ ಅದರೊಂದಿಗೆ ಹಗ್ಗಜಗ್ಗಾಟ ಬೇಡ. ಆ ಗಂಟಿನ ತುದಿ ಎಳೆದುಬಿಡುವುದು.

ಬಿಡಬೇಕಾದ ಮೀನು

ನನ್ನ ಮಿತಿ 122 ಸೆಂ.ಮೀ.ನ ಟೇಪು. ಅದಕ್ಕಿಂತ ದೊಡ್ಡದಾದರೆ ಬಿಡುತ್ತೇನೆ. ಅದು ಬಹುತೇಕ ಮೊಟ್ಟೆಯಿಡುವ ಹೆಣ್ಣು ಎಂಬುದು ಒಂದು ಕಾರಣ, ದೊಡ್ಡ ಮೀನಿನಲ್ಲಿ ಪಾದರಸದ ಅಂಶ ಹೆಚ್ಚಿರುತ್ತದೆ ಎಂಬುದು ಇನ್ನೊಂದು. ಒಬ್ಬಂಟಿ ಕಯಾಕಿನವನಿಗೆ 24 ಕೆ.ಜಿ. ಮೀನೇ ಸಾಕುಬೇಕಾಗುತ್ತದೆ ಎಂಬುದು ಮೂರನೆಯದು, ಪ್ರಾಮಾಣಿಕವಾಗಿ ಹೇಳುವುದಾದರೆ ಮೊದಲನೆಯದು. ಬಿಡುವ ಮೀನಿಗೆ ಈಟಿ, ಕೊಕ್ಕೆ ಯಾವುದನ್ನೂ ತಾಗಿಸಬಾರದು. ದಾರವನ್ನು ಗಾಳದ ಹತ್ತಿರ ಕತ್ತರಿಸಿದರೆ ಸಾಕು. ಹ್ಯಾಲಿಬಟ್‌ಗೆ ಗಾಳಿಚೀಲವಿಲ್ಲ, ಆದ್ದರಿಂದ ಆಳದಿಂದ ಮೇಲೆ ಬಂದಾಗ ಬೇರೆ ಕೆಲವು ಮೀನುಗಳಂತೆ ಅದರ ಹೊಟ್ಟೆ ಉಬ್ಬಿಕೊಳ್ಳುವುದಿಲ್ಲ. ಬಿಟ್ಟರೆ ನೇರ ತಳಕ್ಕೆ ಹೋಗಿ ಬದುಕುತ್ತದೆ.

ಕಾನೂನಿನ ಮಿತಿಗಳು ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. 1923ರಲ್ಲಿ ಅಮೆರಿಕ ಮತ್ತು ಕೆನಡಾ ಸೇರಿ ಸ್ಥಾಪಿಸಿದ ಅಂತಾರಾಷ್ಟ್ರೀಯ ಪೆಸಿಫಿಕ್ ಹ್ಯಾಲಿಬಟ್ ಆಯೋಗವು ಪ್ರತಿವರ್ಷ ಪ್ರಕಟಿಸುವ ನಿಯಮಗಳನ್ನೂ, ಹೋಗುವ ರಾಜ್ಯದ ಮೀನುಗಾರಿಕೆ ಇಲಾಖೆಯ ನಿಯಮಗಳನ್ನೂ ಟಿಕೆಟ್ ಕೊಳ್ಳುವ ಮೊದಲೇ ಓದಿಕೊಂಡು, ಪರವಾನಗಿಯನ್ನು ಆನ್‌ಲೈನ್‌ನಲ್ಲಿ ಪಡೆದುಕೊಳ್ಳಬೇಕು. ನಾರ್ವೆಗೆ ಹೋಗುವವರು ಗಮನಿಸಬೇಕಾದ ಮಾತೊಂದಿದೆ: ಅಲ್ಲಿ 2 ಮೀಟರಿಗಿಂತ ಉದ್ದದ ಹ್ಯಾಲಿಬಟ್ ಅನ್ನು ಇಟ್ಟುಕೊಳ್ಳುವುದಕ್ಕೇ ನಿಷೇಧವಿದೆ.

ದಡಕ್ಕೆ ಬಂದ ಮೇಲೆ

ಮೀನನ್ನು ಹೊಟ್ಟೆ ಬಗೆದು, ಒಳಗೆ ಐಸ್ ತುಂಬಿ, ರೆಕ್ಸಿನ್ ಚೀಲದಲ್ಲಿ ಬಿಳಿ ಬದಿ ಮೇಲಾಗಿ ಇಡಬೇಕು. ಬೆನ್ನೆಲುಬಿನ ಮೇಲೂ ಕೆಳಗೂ ಎರಡೆರಡು, ಒಟ್ಟು ನಾಲ್ಕು ಅಗಲವಾದ ತುಂಡುಗಳು ಬರುತ್ತವೆ. ಕೆನ್ನೆಯ ಎರಡು ಪುಟ್ಟ ತುಂಡುಗಳನ್ನು ಮರೆತು ತಲೆಯೊಂದಿಗೆ ಎಸೆಯಬಾರದು, ಅವೇ ಅತ್ಯಂತ ರುಚಿಯಾದವು. ಎಣ್ಣೆಯಂಶ ಕಡಿಮೆಯಿರುವ ಮಾಂಸವಾದ್ದರಿಂದ ಸಾರಿನಲ್ಲಿ ಹೆಚ್ಚು ಕುದಿಸಿದರೆ ನಾರಾಗುತ್ತದೆ. ಖಾರ ಸವರಿ ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಎರಡೂ ಬದಿ ಬೇಗ ಹುರಿದು ಇಳಿಸುವುದು ಸರಿ.

ಊಟಕ್ಕೆ ಮೊದಲು ಈಟಿಯ ಮೊನೆ, ತಂತಿ, ಕೊಕ್ಕೆ, ಚಾಕು ಎಲ್ಲವನ್ನೂ ಸಿಹಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟು, ಆಮೇಲೆ ಒರೆಸಿ, ತಂತಿಯ ಕುಣಿಕೆಗಳನ್ನು ಬೆರಳಿನಿಂದ ಸವರಿ ನೋಡಬೇಕು. ಒಂದೇ ಒಂದು ಎಳೆ ಮುರಿದು ಬೆರಳಿಗೆ ಚುಚ್ಚಿದರೂ ಆ ತಂತಿಯನ್ನು ಅಲ್ಲಿಗೇ ಕತ್ತರಿಸಿ ಎಸೆದು, ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದಿರುವ ಎರಡನೆಯದನ್ನು ಹಾಕಿಕೊಳ್ಳಬೇಕು.